ಊರಿನ ಕಟ್ಟಡಗಳ ಆರ್ಕಿಟೆಕ್ಟ್ ಆಗಬೇಕೆಂದಿರುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತಾರು ವರ್ಷಗಳಿಂದ ಮೈಸೂರಿನಲ್ಲಿದ್ದುಕೊಂಡು ಆಸ್ಪತ್ರೆ, ಗ್ರಂಥಾಲಯ, ಸರ್ಕಾರಿ ಕಚೇರಿಗಳಂಥ ಕಟ್ಟಡಗಳನ್ನು ಮಾಡಿದ್ದೇನೆ. ಹಳೆಯ ಕಟ್ಟಡಗಳನ್ನು ರಿಪೇರಿ ಮಾಡಿ ಹೊಸ ಬಳಕೆಗೆ ತಂದಿದ್ದೇನೆ. ಕೆಲವು ರಸ್ತೆ, ಸರ್ಕಲ್‌ಗಳ ವಿನ್ಯಾಸದಲ್ಲೂ ಕೈಜೋಡಿಸಿದ್ದೇನೆ. ಪಿಯುಸಿ ಮುಗಿಸಿದ ಮಕ್ಕಳು, ಅವರ ಅಪ್ಪ ಅಮ್ಮ, ಆರ್ಕಿಟೆಕ್ಚರ್ ಓದುತ್ತಿರುವವರು, ಒಮ್ಮೊಮ್ಮೆ ಗ್ರಾಮ ಪಂಚಾಯಿತಿ ಸದಸ್ಯರು ಸಹ ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಆರ್ಕಿಟೆಕ್ಟ್‌ಗೂ ಸಿವಿಲ್ ಇಂಜಿನಿಯರ್‌ಗೂ ಏನು ವ್ಯತ್ಯಾಸ?

ಕಟ್ಟಡ ಭದ್ರವಾಗಿ ನಿಲ್ಲುವಂತೆ ಲೆಕ್ಕ ಹಾಕುವವರು ಇಂಜಿನಿಯರ್. ಅದರೊಳಗೆ ಜನ ಎಲ್ಲಿಂದ ಬರುತ್ತಾರೆ, ಎಲ್ಲಿ ಕಾಯುತ್ತಾರೆ, ಮಧ್ಯಾಹ್ನದ ಬಿಸಿಲು ಯಾರ ಮುಖಕ್ಕೆ ಹೊಡೆಯುತ್ತದೆ, ಮಳೆನೀರು ಎತ್ತ ಹೋಗುತ್ತದೆ ಎಂದು ಯೋಚಿಸಿ ರೂಪ ಕೊಡುವವರು ಆರ್ಕಿಟೆಕ್ಟ್. ಒಬ್ಬರನ್ನು ಬಿಟ್ಟು ಒಬ್ಬರ ಕೆಲಸ ನಡೆಯದು. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗದವರು ಹೆಸರಿನ ಜೊತೆ ‘ಆರ್ಕಿಟೆಕ್ಟ್’ ಎಂದು ಹಾಕಿಕೊಳ್ಳುವಂತಿಲ್ಲ.

ಏನು ಓದಬೇಕು? ಸೀಟು ಹೇಗೆ?

ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಇರಬೇಕು. ಬಿ.ಆರ್ಕ್ ಐದು ವರ್ಷದ ಕೋರ್ಸ್, ಅದರಲ್ಲೇ ಆರ್ಕಿಟೆಕ್ಟ್ ಕಚೇರಿಯೊಂದರಲ್ಲಿ ತರಬೇತಿಯೂ ಸೇರಿದೆ. ಕರ್ನಾಟಕದ ಕಾಲೇಜುಗಳಿಗೆ ನಾಟಾ ಎಂಬ ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ ಬರೆಯಬೇಕು. ನಾಟಾ ಅಂಕವನ್ನೂ ಪಿಯುಸಿ ಅಂಕವನ್ನೂ ಸೇರಿಸಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ರ‍್ಯಾಂಕ್ ಕೊಡುತ್ತದೆ. ಎನ್‌ಐಟಿಗಳಿಗೆ ಮತ್ತು ದೆಹಲಿ, ಭೋಪಾಲ್, ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್, ಅಂದರೆ ಎಸ್‌ಪಿಎಗಳಿಗೆ ಹೋಗಬೇಕೆಂದರೆ ಜೆಇಇ ಮೇನ್‌ನ ಎರಡನೇ ಪತ್ರಿಕೆ ಬರೆಯಬೇಕು.

ಪಾರಂಪರಿಕ ಕಟ್ಟಡ ಸಂರಕ್ಷಣೆ ಅಥವಾ ನಗರ ವಿನ್ಯಾಸದಲ್ಲಿ ಸ್ನಾತಕೋತ್ತರ ಪದವಿ ಮಾಡಬಯಸುವವರು ಹೆಚ್ಚಾಗಿ ದೆಹಲಿಯ ಎಸ್‌ಪಿಎ ಅಥವಾ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಕಡೆ ನೋಡುತ್ತಾರೆ. ನನ್ನ ಸಲಹೆ ಕೇಳಿದರೆ, ಬಿ.ಆರ್ಕ್ ಮುಗಿದ ಕೂಡಲೇ ಹೋಗಬೇಡಿ. ಎರಡು ವರ್ಷ ಸೈಟಿನಲ್ಲಿ ಮೇಸ್ತ್ರಿಗಳ ಜೊತೆ ನಿಂತು ಕೆಲಸ ಮಾಡಿ, ಆಮೇಲೆ ಹೋಗಿ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಆಗ ನಿಮ್ಮ ಕೈಯಲ್ಲಿರುತ್ತವೆ.

ನನಗೆ ಚೆನ್ನಾಗಿ ಚಿತ್ರ ಬರೆಯಲು ಬರುವುದಿಲ್ಲ. ಆಗುತ್ತದಾ?

ಆಗುತ್ತದೆ. ನೋಡಿದ್ದನ್ನು ಅಳತೆ ತಪ್ಪದಂತೆ ಗೆರೆಯಲ್ಲಿ ಇಡುವುದು ಅಭ್ಯಾಸದಿಂದ ಬರುವ ವಿದ್ಯೆ. ದಿನಕ್ಕೊಂದು ಬಾಗಿಲು, ಒಂದು ಮೆಟ್ಟಿಲು, ಒಂದು ಕಟ್ಟೆ ಅಳೆದು ಬರೆಯಿರಿ, ಆರು ತಿಂಗಳಲ್ಲಿ ಕೈ ಪಳಗುತ್ತದೆ.

ಮನೆ ಕಟ್ಟುವುದಕ್ಕೂ ಸಾರ್ವಜನಿಕ ಕಟ್ಟಡ ಕಟ್ಟುವುದಕ್ಕೂ ಏನು ಬೇರೆ?

ಮನೆಯಾದರೆ ಅದರ ಯಜಮಾನರು ಎದುರಿಗೆ ಕೂತು ಅಡುಗೆಮನೆ ಇಲ್ಲಿರಲಿ, ದೇವರ ಮನೆ ಅಲ್ಲಿರಲಿ ಎನ್ನುತ್ತಾರೆ. ಸಾರ್ವಜನಿಕ ಕಟ್ಟಡದಲ್ಲಿ ನಕ್ಷೆಗೆ ಸಹಿ ಹಾಕುವವರು ಒಬ್ಬರು, ಹಣ ಬಿಡುಗಡೆ ಮಾಡುವವರು ಇನ್ನೊಬ್ಬರು. ಅದನ್ನು ನಿಜವಾಗಿ ಬಳಸುವವರು ಯಾವ ಮೀಟಿಂಗಿಗೂ ಬರುವುದಿಲ್ಲ. ಅವರನ್ನು ಹುಡುಕಿಕೊಂಡು ನಾವೇ ಹೋಗಬೇಕು.

ಇದನ್ನು ನಾನು ಕಲಿತದ್ದು ಒಂದು ತಾಲ್ಲೂಕು ಹೆರಿಗೆ ಆಸ್ಪತ್ರೆಯಲ್ಲಿ. ಕಾಯುವವರಿಗೆಂದು ನಲವತ್ತು ಕುರ್ಚಿಗಳ ಹಾಲ್ ಮಾಡಿದ್ದೆ. ಗಾಳಿ ಬೆಳಕು ಚೆನ್ನಾಗಿತ್ತು, ಡ್ರಾಯಿಂಗ್‌ನಲ್ಲಿ ಬಹಳ ಅಂದವಾಗಿ ಕಾಣುತ್ತಿತ್ತು. ಉದ್ಘಾಟನೆಯಾದ ಮರುವಾರ ಹೋಗಿ ನೋಡಿದರೆ ಕುರ್ಚಿಗಳು ಮುಕ್ಕಾಲು ಖಾಲಿ. ಹೆರಿಗೆ ವಾರ್ಡಿನ ಮೆಟ್ಟಿಲ ಮೇಲೆ ಮಾತ್ರ ಕಾಲಿಡಲು ಜಾಗವಿಲ್ಲ. ಒಬ್ಬ ಅಜ್ಜಿಯ ಪಕ್ಕದಲ್ಲಿ ಕೂತು, ‘ಒಳಗೆ ಕುರ್ಚಿ ಇದೆಯಲ್ಲಾ ಅವ್ವಾ’ ಎಂದೆ. ‘ಅಲ್ಲಿ ಕೂತ್ರೆ ಬಾಗಿಲು ಕಾಣಾಕಿಲ್ಲ ಕಣಪ್ಪ. ಮಗಳು ಒಳಗವ್ಳೆ’ ಅಂದರು. ಅವರ ಪಕ್ಕದಲ್ಲಿ ಒಂದು ಬುತ್ತಿ, ಸುತ್ತಿದ ಚಾಪೆ, ಬಿಸಿನೀರಿನ ಫ್ಲಾಸ್ಕ್ ಇದ್ದವು. ರಾತ್ರಿಯೆಲ್ಲ ಕಾಯಬೇಕಾದವರಿಗೆ ಕುರ್ಚಿ ಸಾಲದು, ಕಾಲು ಚಾಚಲು ಜಾಗ ಬೇಕು. ಇಷ್ಟು ನನಗೆ ಹೊಳೆದಿರಲಿಲ್ಲ.

ಮುಂದಿನ ಹಂತದ ಕೆಲಸದಲ್ಲಿ ವಾರ್ಡಿನ ಬಾಗಿಲಿಗೆ ಎದುರಾಗಿ ಉದ್ದಕ್ಕೂ ಜಗಲಿ ಕಟ್ಟಿಸಿದೆವು. ಒಂದೂವರೆ ಅಡಿ ಎತ್ತರ, ಎರಡೂವರೆ ಅಡಿ ಅಗಲ, ಮೇಲೆ ಕಡಪ ಕಲ್ಲು, ಕೊನೆಯಲ್ಲಿ ಕೈ ತೊಳೆಯಲು ಒಂದು ನಲ್ಲಿ. ನಾನು ಮಾಡಿದ ಕೆಲಸಗಳಲ್ಲಿ ಅತಿ ಹೆಚ್ಚು ಬಳಕೆಯಾಗುತ್ತಿರುವುದು ಅದೇ ಜಗಲಿ. ಅಂದಿನಿಂದ ಪ್ರತಿ ಕಟ್ಟಡಕ್ಕೂ ಉದ್ಘಾಟನೆಯಾದ ವಾರ, ಒಂದು ಮಳೆಗಾಲ ಕಳೆದ ಮೇಲೆ, ಮೂರು ವರ್ಷವಾದ ಮೇಲೆ, ಹೀಗೆ ಮೂರು ಸಲ ಹೋಗಿ ಅರ್ಧ ದಿನ ಕೂತು ಬರುತ್ತೇನೆ. ಅದಕ್ಕೆ ಯಾರೂ ಫೀಸು ಕೊಡುವುದಿಲ್ಲ, ಆದರೆ ಮುಂದಿನ ಕಟ್ಟಡದಲ್ಲಿ ಏನು ಮಾಡಬೇಕೆಂಬುದು ನನಗೆ ಗೊತ್ತಾಗುವುದು ಅಲ್ಲೇ.

ಸರ್ಕಾರಿ ಕೆಲಸ ಹೇಗೆ ಸಿಗುತ್ತದೆ? ಪರಿಚಯ ಇರಬೇಕಾ?

ಹೆಚ್ಚಿನವು ಟೆಂಡರ್ ಮೂಲಕ, ಕೆಲವು ವಿನ್ಯಾಸ ಸ್ಪರ್ಧೆಯ ಮೂಲಕ ಸಿಗುತ್ತವೆ. ಕರ್ನಾಟಕದಲ್ಲಿ ಟೆಂಡರ್ ನಡೆಯುವುದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಡಿ. ಕಚೇರಿಗಳಲ್ಲಿ ಎಲ್ಲರೂ ಕೆಟಿಪಿಪಿ ಎನ್ನುವುದು ಇದನ್ನೇ. ಇಎಂಡಿ, ಅಂದರೆ ಮುಂಗಡ ಠೇವಣಿ ಕಟ್ಟಬೇಕು, ಹಿಂದಿನ ಕೆಲಸದ ಪ್ರಮಾಣಪತ್ರ ತೋರಿಸಬೇಕು, ವಹಿವಾಟಿನ ಲೆಕ್ಕ ಕೊಡಬೇಕು. ಹೊಸಬರಿಗೆ ಇಲ್ಲೇ ಬಾಗಿಲು ಮುಚ್ಚುತ್ತದೆ. ಮೊದಮೊದಲು ಅನುಭವವಿರುವ ಕಚೇರಿಯ ಜೊತೆ ಸೇರಿ ಅರ್ಜಿ ಹಾಕುವುದು ಒಳ್ಳೆಯದು. ಲೋಕೋಪಯೋಗಿ ಇಲಾಖೆಯಲ್ಲೇ ಆರ್ಕಿಟೆಕ್ಟ್‌ಗಳ ವಿಭಾಗವಿದೆ, ಅಲ್ಲಿ ನೌಕರಿಗೆ ಸೇರುವುದೂ ಒಂದು ದಾರಿ.

ಒಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ವಿನ್ಯಾಸದ ಕೆಲಸವನ್ನು ಕಡಿಮೆ ದರ ಬರೆದವರಿಗೆ ಕೊಡುವ ಪದ್ಧತಿ ನಮ್ಮ ಊರುಗಳಿಗೆ ಬಹಳ ನಷ್ಟ ಮಾಡಿದೆ. ಫೀಸಿನಲ್ಲಿ ಒಂದು ಶೇಕಡಾ ಉಳಿಸಲು ಹೋಗಿ ಐವತ್ತು ವರ್ಷ ಬಾಳಬೇಕಾದ ಕಟ್ಟಡವನ್ನು ಅವಸರದಲ್ಲಿ ಬರೆಸುತ್ತೇವೆ. ಗುಣಮಟ್ಟಕ್ಕೂ ಅಂಕ ಕೊಟ್ಟು ಆರಿಸುವ ಟೆಂಡರ್‌ಗಳಿವೆ. ಅವು ಹೆಚ್ಚಬೇಕು.

ಹಳೆಯ ಕಟ್ಟಡ ಉಳಿಸುವುದು ಅಂದರೆ ಮ್ಯೂಸಿಯಂ ಮಾಡುವುದಲ್ಲವಾ?

ಅದು ಒಂದು ದಾರಿ ಅಷ್ಟೆ. ಮೈಸೂರಿನಲ್ಲೇ ನೋಡಿ. 1861ರ ಜಗನ್ಮೋಹನ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು. 1905ರಲ್ಲಿ ಕಟ್ಟಿದ ಜಯಲಕ್ಷ್ಮೀ ವಿಲಾಸದಲ್ಲಿ ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಬಂತು. 1921ರ ಲಲಿತಮಹಲ್ ಹೋಟೆಲ್ ಆಯಿತು. ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದ ಕಟ್ಟಡಗಳಲ್ಲಿ ಬ್ರಿಟಿಷರು ಜಿಲ್ಲಾ ಕಚೇರಿಗಳನ್ನು ನಡೆಸಿದರು.

ಬೆಂಗಳೂರಿನ ಅಠಾರಾ ಕಚೇರಿಯ ಕಥೆಯಂತೂ ಪ್ರತಿ ವಿದ್ಯಾರ್ಥಿಗೂ ಗೊತ್ತಿರಬೇಕು. ಅಠಾರಾ ಅಂದರೆ ಹದಿನೆಂಟು. ಹದಿನೆಂಟು ಇಲಾಖೆಗಳಿಗಾಗಿ 1868ರ ಹೊತ್ತಿಗೆ ಎದ್ದ ಕೆಂಪು ಕಟ್ಟಡ ಅದು. ಆಮೇಲೆ ಹೈಕೋರ್ಟ್ ಅಲ್ಲಿಗೆ ಬಂತು. 1980ರ ದಶಕದಲ್ಲಿ ಅದನ್ನು ಕೆಡವುವ ಪ್ರಸ್ತಾಪ ಎದ್ದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಇವತ್ತಿಗೂ ಅಲ್ಲಿ ಕಲಾಪ ನಡೆಯುತ್ತಿದೆ. ಬಳಕೆಯಲ್ಲಿರುವ ಕಟ್ಟಡದಲ್ಲಿ ದಿನಾ ಯಾರೋ ಕಿಟಕಿ ತೆಗೆಯುತ್ತಾರೆ, ಗುಡಿಸುತ್ತಾರೆ, ಸೂರು ಸೋರಿದರೆ ದೂರು ಕೊಡುತ್ತಾರೆ. ಬೀಗ ಹಾಕಿದ ಕಟ್ಟಡದಲ್ಲಿ ದೂರು ಕೊಡಲು ಯಾರೂ ಇರುವುದಿಲ್ಲ, ಬೇಗ ಹಾಳಾಗುವುದು ಅದಕ್ಕೇ.

ಬಳಕೆ ಪೂರ್ತಿ ಬದಲಾದ ಉದಾಹರಣೆ ಬೇಕೆಂದರೆ ಫ್ರೀಡಂ ಪಾರ್ಕ್‌ಗೆ ಹೋಗಿ. ಅದು ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನೆಲ್ಲ ಇಟ್ಟಿದ್ದು ಇಲ್ಲೇ. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಸ್ಪರ್ಧೆ ನಡೆಸಿ ವಿನ್ಯಾಸ ಆರಿಸಿದರು. ಸೌಮಿತ್ರೊ ಘೋಷ್ ಮತ್ತು ನಿಶಾ ಮ್ಯಾಥ್ಯೂ ಘೋಷ್ ಅವರ ವಿನ್ಯಾಸದಂತೆ 2008ರಲ್ಲಿ ಪಾರ್ಕ್ ತೆರೆಯಿತು. ನಡುವಿನ ಕಾವಲು ಗೋಪುರವನ್ನೂ ಬ್ಯಾರಕ್ಕನ್ನೂ ಅವರು ಅಳಿಸಲಿಲ್ಲ. ಜನರನ್ನು ಕೂಡಿಹಾಕಿದ ಗೋಡೆಯ ಪಕ್ಕದಲ್ಲೇ ಇವತ್ತು ಅಂಗನವಾಡಿ ಕಾರ್ಯಕರ್ತೆಯರು, ರೈತರು ಮೈಕ್ ಹಿಡಿದು ಸರ್ಕಾರವನ್ನು ಪ್ರಶ್ನಿಸುತ್ತಾರೆ. ಅಲ್ಲಿಗೆ ಹೋದಾಗಲೆಲ್ಲ ನನ್ನ ಎದೆ ತುಂಬಿ ಬರುತ್ತದೆ.

ಹಳೆಯ ಕಟ್ಟಡಗಳು ಯಾಕೆ ಬೀಳುತ್ತವೆ? ವಯಸ್ಸಾಗಿ ತಾನೇ?

ನೂರು ವರ್ಷ ನಿಂತ ಗೋಡೆ ವಯಸ್ಸಾಯಿತೆಂದು ಬೀಳುವುದಿಲ್ಲ. ನಾನು ಕಂಡಂತೆ ಬಹುಪಾಲು ಕಾರಣ ನೀರು. ಚಾವಣಿಯ ಕಿಂಡಿಯಲ್ಲಿ ತರಗೆಲೆ ಕಟ್ಟಿಕೊಳ್ಳುತ್ತದೆ, ನೀರು ನಿಲ್ಲುತ್ತದೆ. ಹಕ್ಕಿ ತಂದುಹಾಕಿದ ಅರಳಿ ಬೀಜ ಮೊಳೆಯುತ್ತದೆ. ಬೆರಳು ಗಾತ್ರದ ಸಸಿಯನ್ನು ಯಾರೂ ಕೀಳುವುದಿಲ್ಲ. ಅದರ ಬೇರು ಇಟ್ಟಿಗೆಯ ಸಂದಿಗೆ ಇಳಿಯುತ್ತದೆ, ಬೇರಿನ ಹಿಂದೆಯೇ ನೀರು. ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ತಾರಸಿಯಾದರೆ ತೇಗದ ತೊಲೆಗಳ ತುದಿ ಗೋಡೆಯೊಳಗೆ ಹುದುಗಿರುತ್ತದೆ. ಒದ್ದೆಯಾದ ಗೋಡೆಯಲ್ಲಿ ಆ ತುದಿ ಮೊದಲು ಕೊಳೆಯುತ್ತದೆ, ಕೆಳಗೆ ನಿಂತವರಿಗೆ ಏನೂ ಕಾಣುವುದಿಲ್ಲ.

ಎರಡನೆಯದು ಸಿಮೆಂಟ್. ಹಳೆಯ ಗೋಡೆಗಳು ಸುಣ್ಣದ ಗಾರೆಯವು. ಸುಣ್ಣವನ್ನು ನೀರಲ್ಲಿ ವಾರಗಟ್ಟಲೆ ಕೊಳೆಸಿ, ಮರಳು ಸೇರಿಸಿ ಅರೆದು, ಕೆಲವು ಕಡೆ ಬೆಲ್ಲ ಮತ್ತು ಅಳಲೆಕಾಯಿಯ ನೀರು ಹಾಕಿ ಹದ ಮಾಡುತ್ತಿದ್ದರು. ಆ ಗಾರೆ ತೇವವನ್ನು ಎಳೆದುಕೊಂಡು ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಮಾಡಿ ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ, ಉಪ್ಪು ಕಟ್ಟುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ. ಇಂಥ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಇರುವ ಕಡೆ ಟಕ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡ ಕಡೆ ಖಾಲಿ ಡಬ್ಬದಂತೆ ಡಬ್ ಎನ್ನುತ್ತದೆ. ನನ್ನ ಕಚೇರಿಗೆ ಸೇರಿದವರ ಮೊದಲ ತಿಂಗಳ ಕೆಲಸ ಇದೇ. ಗೋಡೆ ತಟ್ಟುವುದು, ಡಬ್ ಎಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು.

ಮೈಸೂರಿನವರಿಗೆ ಇದು ನೋವಿನ ವಿಷಯ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ತೀರಿಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ದ್ವಾರದ ಭಾಗ ಬಿತ್ತು. ಆಮೇಲೆ ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಅಂಥ ವಾದ ನಡೆಯುವಷ್ಟು ಕಾಲವೂ ಮಳೆ ಸುರಿಯುತ್ತಲೇ ಇರುತ್ತದೆ. ತೀರ್ಮಾನ ಯಾವಾಗಲಾದರೂ ಆಗಲಿ, ಮೊದಲು ಮೇಲೊಂದು ತಗಡಿನ ಚಪ್ಪರ ಹಾಕಿ ನೀರು ತಡೆಯಿರಿ ಎಂದು ನಾನು ಹೋದಲ್ಲೆಲ್ಲ ಬೇಡಿಕೊಳ್ಳುತ್ತೇನೆ.

ರಿಪೇರಿಗಿಂತ ಹೊಸದು ಕಟ್ಟುವುದೇ ಅಗ್ಗ ಅನ್ನುತ್ತಾರಲ್ಲ?

ಕೆಲವೊಮ್ಮೆ ನಿಜ. ಆದರೆ ಹಾಗೆನ್ನುವ ಅಂದಾಜುಪಟ್ಟಿಗಳಲ್ಲಿ ಬಹಳಷ್ಟು ಸಲ ಹಳೆಯದನ್ನು ಕೆಡವುವ, ಸಾಗಿಸುವ, ಕಟ್ಟುವಷ್ಟು ದಿನ ಬಾಡಿಗೆ ಕಟ್ಟಡದಲ್ಲಿರುವ ಖರ್ಚು ಇರುವುದಿಲ್ಲ. ತೇಗದ ತೊಲೆ, ದಪ್ಪ ಗೋಡೆ, ಹದಿನೈದು ಅಡಿ ಎತ್ತರದ ಕೋಣೆಯನ್ನು ಇವತ್ತಿನ ದರದಲ್ಲಿ ಮತ್ತೆ ಕಟ್ಟಲು ಎಷ್ಟಾಗುತ್ತದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಎರಡೂ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುವುದು ನಮ್ಮ ಕೆಲಸ.

ಸ್ಮಾರಕದ ಹತ್ತಿರ ಕಟ್ಟಲು ಅನುಮತಿ ಬೇಕಾ?

ಬೇಕು. ಕೇಂದ್ರ ಸಂರಕ್ಷಿತ ಸ್ಮಾರಕವಾದರೆ, 2010ರ ತಿದ್ದುಪಡಿಯಂತೆ ಅದರ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕದ ಕಾಯ್ದೆ ಇದೆ. ಎರಡೂ ಪಟ್ಟಿಯಲ್ಲಿಲ್ಲದ ಹಳೆಯ ಮನೆ, ಶಾಲೆ, ಛತ್ರ, ಮಾರುಕಟ್ಟೆಗಳೇ ನಮ್ಮಲ್ಲಿ ಹೆಚ್ಚು. ಅವುಗಳಿಗೆ ರಕ್ಷಣೆ ಕಡಿಮೆ. ಲಾಲ್‌ಬಾಗಿನ ಹಳೆಯ ಕಟ್ಟಡ ಕ್ರುಂಬಿಗಲ್ ಹಾಲ್ ಹೀಗೆಯೇ 2017ರಲ್ಲಿ ನೆಲಸಮವಾಯಿತು.

ನಗರ ವಿನ್ಯಾಸ ಅಂದರೆ ಏನು? ಪ್ಲಾನಿಂಗ್ ಅಲ್ಲವಾ?

ಯಾವ ಕಡೆ ವಸತಿ, ಯಾವ ಕಡೆ ಕೈಗಾರಿಕೆ, ರಸ್ತೆ ಎಲ್ಲಿ ಹಾದುಹೋಗಬೇಕು ಎನ್ನುವುದು ಪ್ಲಾನಿಂಗ್. ಆ ರಸ್ತೆಯಲ್ಲಿ ನಡೆಯುವವರಿಗೆ ಏನು ಸಿಗುತ್ತದೆ ಎನ್ನುವುದು ನಗರ ವಿನ್ಯಾಸ. ಕಟ್ಟಡ ಮತ್ತು ಕಟ್ಟಡದ ನಡುವಿನ ಜಾಗ ನಮ್ಮ ಕ್ಷೇತ್ರ.

ಫುಟ್‌ಪಾತ್ ಒಂದನ್ನೇ ತೆಗೆದುಕೊಳ್ಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಬೇಕು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟುವಷ್ಟು ಅಗಲ ಅದು. ಇಳಿಜಾರು ಒಂದಕ್ಕೆ ಹನ್ನೆರಡು, ಅಂದರೆ ಅರ್ಧ ಅಡಿ ಏರಲು ಆರು ಅಡಿ ಉದ್ದ. ನಮ್ಮ ಊರುಗಳಲ್ಲಿ ಆ ಅರ್ಧ ಅಡಿಯನ್ನು ಎರಡಡಿ ಉದ್ದದಲ್ಲಿ ಏರಿಸಿರುತ್ತಾರೆ. ಹಿಂದಿನಿಂದ ಯಾರಾದರೂ ತಳ್ಳದೆ ಗಾಲಿಕುರ್ಚಿ ಮೇಲೇರದು. ಒಮ್ಮೆ ಗಾಲಿಕುರ್ಚಿಯಲ್ಲಿ ಓಡಾಡುವ ಗೆಳೆಯರೊಬ್ಬರ ಜೊತೆ ನಮ್ಮದೇ ವಿನ್ಯಾಸದ ರಸ್ತೆಯಲ್ಲಿ ಹೊರಟೆ. ನಕ್ಷೆಯಲ್ಲಿ ಎಲ್ಲವೂ ಸರಿಯಿತ್ತು. ಮೂರನೇ ಕ್ರಾಸಿನಲ್ಲಿ ಫುಟ್‌ಪಾತಿನ ನಟ್ಟನಡುವೆ ಟ್ರಾನ್ಸ್‌ಫಾರ್ಮರ್ ಬಂದಿತ್ತು. ಅದು ನಮ್ಮ ನಕ್ಷೆಯಲ್ಲಿ ಇರಲಿಲ್ಲ. ಅವರು ಏನೂ ಮಾತಾಡದೆ ರಸ್ತೆಗಿಳಿದು ಬಸ್ಸುಗಳ ಪಕ್ಕದಲ್ಲಿ ಕುರ್ಚಿ ತಳ್ಳಿಕೊಂಡು ಹೋದರು. ಈಗ ವಿದ್ಯುತ್, ನೀರು, ಒಳಚರಂಡಿಯವರು ಒಂದೇ ಮೇಜಿನ ಮುಂದೆ ಕೂತು ಒಂದೇ ನಕ್ಷೆಗೆ ಸಹಿ ಹಾಕುವವರೆಗೆ ನಾನು ಕೆಲಸ ಮುಂದುವರಿಸುವುದಿಲ್ಲ.

ಬೆಂಗಳೂರಿನ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮಾಡಿದ ರಸ್ತೆಗಳಿಂದ ಕಲಿಯಬೇಕಾದದ್ದೂ ಇದನ್ನೇ. ಪೈಪು, ಕೇಬಲ್‌ಗಳಿಗೆ ಫುಟ್‌ಪಾತಿನ ಅಡಿಯಲ್ಲೇ ಜಾಗ ಮಾಡಿದ್ದರಿಂದ ರಸ್ತೆಯನ್ನು ಪದೇ ಪದೇ ಅಗೆಯಬೇಕಿಲ್ಲ. 2018ರಲ್ಲಿ ಹೊಸದಾಗಿ ಕಲ್ಲು ಹಾಸಿದ ಚರ್ಚ್ ಸ್ಟ್ರೀಟನ್ನು 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನಗಳಿಗೆ ಮುಚ್ಚಿದ್ದರು. ಮಕ್ಕಳು ರಸ್ತೆ ಮಧ್ಯೆ ಓಡಿದ್ದನ್ನು ನೋಡಿದವರಿಗೆ ನಗರ ವಿನ್ಯಾಸ ಏನೆಂದು ವಿವರಿಸಬೇಕಾಗಿಲ್ಲ.

ಹೂವು, ಸೊಪ್ಪು, ಟೀ ಮಾರುವವರನ್ನು ಎಬ್ಬಿಸಿ ರಸ್ತೆ ಚೆಂದ ಮಾಡುವ ಕೆಲಸಕ್ಕೆ ಮಾತ್ರ ಒಪ್ಪಬೇಡಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಹಕ್ಕು ಕೊಟ್ಟಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳೇ ಇರಬೇಕು. ಅವರ ತಳ್ಳುಗಾಡಿಯ ಅಳತೆ ನಿಮ್ಮ ನಕ್ಷೆಯಲ್ಲಿರಲಿ.

ಯಾರ ಕೆಲಸಗಳನ್ನು ನೋಡಬೇಕು?

ಬಸ್ ಚಾರ್ಜಿನಲ್ಲಿ ನೋಡಬಹುದಾದವನ್ನು ಮೊದಲು ನೋಡಿ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಬಿ.ಆರ್. ಮಾಣಿಕ್ಯಂ ಅವರ ನೇತೃತ್ವದಲ್ಲಿ ಎದ್ದು 1956ರಲ್ಲಿ ಮುಗಿದ ವಿಧಾನಸೌಧವನ್ನು ದೂರದಿಂದ ಮೆಚ್ಚುವುದಲ್ಲ, ಅದರ ಕಲ್ಲಿನ ಜೋಡಣೆಯನ್ನು ಹತ್ತಿರದಿಂದ ನೋಡಬೇಕು. ಬಿ.ವಿ. ದೋಶಿಯವರ ಬೆಂಗಳೂರು ಐಐಎಂನಲ್ಲಿ ತರಗತಿಗಿಂತ ಮೊಗಸಾಲೆಗಳೇ ಮುಖ್ಯ. ಬಿಸಿಲು ಚಪ್ಪರದಿಂದ ಸೋಸಿ ಕಲ್ಲುಗೋಡೆಯ ಮೇಲೆ ಬೀಳುವುದನ್ನು ಒಂದು ಗಂಟೆ ಕೂತು ನೋಡಿ. ಚಾರ್ಲ್ಸ್ ಕೊರಿಯಾ ಅವರದು ಅಂಬೇಡ್ಕರ್ ಬೀದಿಯ ವಿಶ್ವೇಶ್ವರಯ್ಯ ಕೇಂದ್ರ.

ನನಗೆ ತುಂಬ ಹತ್ತಿರದವರು ಆರ್ಕಿಟೆಕ್ಟ್ ಒಟ್ಟೊ ಕೋನಿಗ್ಸ್‌ಬರ್ಗರ್. ಬರ್ಲಿನ್‌ನಲ್ಲಿ 1908ರಲ್ಲಿ ಹುಟ್ಟಿದ ಯಹೂದಿ. ನಾಜಿಗಳ ಕಾಟಕ್ಕೆ ದೇಶ ಬಿಟ್ಟು 1939ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರವು. ನಮ್ಮ ಬಿಸಿಲು, ನಮ್ಮ ಮಳೆ ಅವರಿಗೆ ಹೊಸದು. ಅದನ್ನು ಕಲಿತು ಸಜ್ಜಾ ಎಷ್ಟು ಮುಂದೆ ಬರಬೇಕು, ಗಾಳಿ ಹೇಗೆ ಅಡ್ಡ ಹಾಯಬೇಕು ಎಂದು ಲೆಕ್ಕ ಹಾಕಿದರು. ಭುವನೇಶ್ವರದ ನಗರ ಯೋಜನೆಯೂ ಅವರದೇ.

ಸಂಬಳ ಎಷ್ಟು ಸಿಗುತ್ತದೆ?

ಮೊದಲ ಐದಾರು ವರ್ಷ ನಿಮ್ಮ ಜೊತೆ ಓದಿ ಸಾಫ್ಟ್‌ವೇರಿಗೆ ಹೋದವರಿಗಿಂತ ಬಹಳ ಕಡಿಮೆ. ಸರ್ಕಾರಿ ಬಿಲ್ಲುಗಳು ತಡವಾಗುತ್ತವೆ. ಸ್ವಂತ ಕಚೇರಿ ತೆರೆಯುವವರು ಒಂದು ವರ್ಷದ ಖರ್ಚು ಕೈಯಲ್ಲಿಟ್ಟುಕೊಂಡೇ ತೆರೆಯಬೇಕು. ಇದನ್ನು ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡಿ.

ಹೆಣ್ಣುಮಕ್ಕಳಿಗೆ ಸೈಟ್ ಕೆಲಸ ಕಷ್ಟವಲ್ಲವಾ?

ಸೈಟಿನಲ್ಲಿ ಶೌಚಾಲಯ ಇಲ್ಲದಿರುವುದು ಕಷ್ಟ. ಕೆಲಸ ಶುರುವಾಗುವ ಮೊದಲೇ ಅದನ್ನು ಕಟ್ಟಿಸುವ ಷರತ್ತನ್ನು ಟೆಂಡರಿನಲ್ಲೇ ಬರೆಯುತ್ತೇವೆ, ಗಾರೆ ಹೊರುವ ಹೆಂಗಸರಿಗೂ ಅದು ಬೇಕು. ಉಳಿದಂತೆ, ನಮ್ಮ ಕಚೇರಿಯಲ್ಲಿ ಹಳೆಯ ಚಾವಣಿ ಹತ್ತಿ ತೊಲೆಗಳನ್ನು ಪರೀಕ್ಷಿಸುವುದರಲ್ಲಿ ಎಲ್ಲರಿಗಿಂತ ಪಳಗಿದವರು ಒಬ್ಬ ಹೆಣ್ಣುಮಗಳು.

ನಿಮ್ಮ ಕೆಲಸ ಸೋತದ್ದು ಇದೆಯಾ?

ಇದೆ. ಒಂದು ಇಲಾಖೆಯ ಹಳೆಯ ಬಂಗಲೆಯನ್ನು ಎರಡು ವರ್ಷ ಕಷ್ಟಪಟ್ಟು ಸುಣ್ಣದ ಗಾರೆಯಲ್ಲೇ ರಿಪೇರಿ ಮಾಡಿದೆವು. ವಯಸ್ಸಾದ ಇಬ್ಬರು ಗಾರೆ ಮೇಸ್ತ್ರಿಗಳು ಹಳ್ಳಿಯಿಂದ ಬಂದು ನಮ್ಮ ಹುಡುಗರಿಗೆ ಗೋಡೆ ಉಜ್ಜಿ ಹೊಳಪು ತರುವುದನ್ನು ಹೇಳಿಕೊಟ್ಟಿದ್ದರು. ಮೂರು ವರ್ಷ ಬಿಟ್ಟು ಹೋದರೆ ಯಾವುದೋ ಸಮಾರಂಭಕ್ಕೆಂದು ಗೋಡೆಗಳಿಗೆಲ್ಲ ಪ್ಲಾಸ್ಟಿಕ್ ಪೇಂಟ್ ಬಳಿದಿದ್ದರು, ಕೆಳಗಿನ ಮೂರಡಿಗೆ ಟೈಲ್ಸ್ ಅಂಟಿಸಿದ್ದರು. ಟೈಲ್ಸಿನ ಮೇಲಂಚಿನಲ್ಲಿ ಗೋಡೆ ಉಬ್ಬಿ ಬಿರಿದಿತ್ತು. ಆ ಮೇಸ್ತ್ರಿಗಳಲ್ಲಿ ಒಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಗೋಡೆಯ ಮುಂದೆ ನಿಂತು ಅತ್ತುಬಿಟ್ಟೆ.

ಬಳಿದವರಿಗೆ ಗೊತ್ತಿರಲಿಲ್ಲ, ನಾನು ಅವರಿಗೆ ಹೇಳಿರಲಿಲ್ಲ. ಕಟ್ಟಡವನ್ನು ಅಧಿಕಾರಿಗೆ ಒಪ್ಪಿಸಿ ಬಂದಿದ್ದೆ, ಅವರು ವರ್ಗವಾಗಿ ಹೋದರು. ಈಗ ಪ್ರತಿ ಕೆಲಸದ ಕೊನೆಗೆ ಕನ್ನಡದಲ್ಲಿ ಬರೆದ ನಾಲ್ಕು ಪುಟದ ಪುಸ್ತಕವೊಂದನ್ನು ಅಲ್ಲಿನ ಕಾವಲುಗಾರರ ಕೈಗೆ ಕೊಡುತ್ತೇನೆ. ಮೇ ಕೊನೆಯಲ್ಲಿ ಕಿಂಡಿ ಕ್ಲೀನ್ ಮಾಡಿ, ಅರಳಿ ಸಸಿ ಕಂಡರೆ ಅಂದೇ ಕೀಳಿ, ಸುಣ್ಣ ಬಿಟ್ಟು ಬೇರೇನೂ ಬಳಿಯಲು ಬಿಡಬೇಡಿ ಎಂದು ಅದರಲ್ಲಿದೆ. ಅವರ ಜೊತೆ ಒಂದು ಸಲ ಚಾವಣಿ ಹತ್ತಿ ಇಳಿಯುತ್ತೇನೆ.

ನಮ್ಮೂರಿನ ಹಳೆಯ ಶಾಲೆ ಕೆಡವುತ್ತಾರಂತೆ. ನಾವು ಏನು ಮಾಡಬಹುದು?

ಈ ಪ್ರಶ್ನೆ ಈಚೆಗೆ ಬಹಳ ಬರುತ್ತಿದೆ, ನನಗೆ ಸಂತೋಷ. ಮೊದಲು ಇಡೀ ಕಟ್ಟಡದ ಫೋಟೋ ತೆಗೆಯಿರಿ, ಟೇಪು ಹಿಡಿದು ಅಳೆಯಿರಿ. ‘ಶಿಥಿಲ’ ಎಂದು ಬರೆದ ವರದಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಯಾವ ಪರೀಕ್ಷೆ ಮಾಡಿದರು, ಯಾವ ಗೋಡೆ, ಯಾವ ತೊಲೆ ಎಂದು ಅದರಲ್ಲಿದೆಯೇ ನೋಡಿ. ಎಷ್ಟೋ ಸಲ ಅದು ಹೊರಗಿನಿಂದ ನೋಡಿ ಬರೆದ ಎರಡು ಸಾಲಿನ ವರದಿಯಾಗಿರುತ್ತದೆ. ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಠರಾವು ಮಾಡಿಸಿ, ಜಿಲ್ಲಾಧಿಕಾರಿಗೆ ಮನವಿ ಕೊಡಿ, ಪಾರಂಪರಿಕ ಕಟ್ಟಡಗಳನ್ನು ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯ ಹತ್ತಿರದ ಘಟಕವನ್ನು ಸಂಪರ್ಕಿಸಿ. ಮಕ್ಕಳಿಗೆ ನಿಜವಾಗಿ ಅಪಾಯವಿರುವ ಕೋಣೆ ಇದ್ದರೆ ಅದನ್ನು ಮಾತ್ರ ತಕ್ಷಣ ಮುಚ್ಚಿಸಿ, ಈ ವಿಷಯದಲ್ಲಿ ಹಟ ಬೇಡ.

ಮಲೆನಾಡಿನ ಒಂದು ಊರಿನವರು ಹೀಗೇ ಕರೆದಿದ್ದರು. ಹೋಗಿ ನೋಡಿದರೆ ಗೋಡೆಗಳು ಕಲ್ಲಿನಂತೆ ಗಟ್ಟಿ, ಸೋರುತ್ತಿದ್ದುದು ಮಾಡು ಮಾತ್ರ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಹೆಂಚಿನ ಉದ್ಯಮದ ಪುಣ್ಯ, ಕರಾವಳಿ ಮಲೆನಾಡಿನಲ್ಲಿ ಹಳೆಯ ಹೆಂಚು ಸಿಗುವುದು ಇವತ್ತಿಗೂ ಕಷ್ಟವಿಲ್ಲ. ಕೆಡವಿದ ಮನೆಗಳ ಹೆಂಚನ್ನು ಹಳೆಯ ವಿದ್ಯಾರ್ಥಿಗಳೇ ಕೂಡಿಸಿ ತಂದರು. ಅದೇ ಶಾಲೆಯಲ್ಲಿ ಓದಿದ ಬಡಗಿಯೊಬ್ಬರು ಮಾಡು ಹೊರುವ ಮರದ ಪಟ್ಟಿಗಳು, ಅಂದರೆ ಪಕಾಸಿಗಳಲ್ಲಿ ಕೊಳೆತ ಒಂಬತ್ತನ್ನು ಬದಲಿಸಿದರು. ಜೂನ್ ಮೊದಲ ವಾರ ಶಾಲೆ ಅಲ್ಲೇ ತೆರೆಯಿತು. ಮಳೆ ಹಿಡಿದ ದಿನ ಹೆಡ್‌ಮಾಸ್ಟರು ಫೋನ್ ಮಾಡಿ, ಏನೂ ಮಾತಾಡದೆ, ಹೆಂಚಿನ ಮೇಲೆ ಮಳೆ ಬೀಳುವ ಸದ್ದನ್ನಷ್ಟೇ ಕೇಳಿಸಿದರು.